ನೀಲದ ಕಲ್ಲಿನ ಬೆನ್ನು

"ಸಾರ್, ಒಂದ್ನಿಮಿಷ ಇಲ್ಲಿ ನೋಡಿ. ಈ ಕಲ್ಲಿಗೆ ಯಾವ ಬಣ್ಣ ಇದೆ?"

ಹೆಂಡತಿಯ ಓಲೆಯ ತಿರುಪು ಸರಿ ಮಾಡಿಸಲೆಂದು ಹೊಸ್ತಿಲ ಬಳಿ ನಿಂತಿದ್ದ ವೆಂಕಟಸುಬ್ಬಯ್ಯ ಮೇಷ್ಟ್ರಿಗೆ ಪಂಕಜಾ ಆಡಿದ ಮೊದಲ ಮಾತು ಅದು. ಅವರು ಟಿ. ದಾಸರಹಳ್ಳಿಯ ಶಾಲೆಗೆ ವರ್ಗವಾಗಿ ಬಂದು ಇನ್ನೂ ವಾರ ತುಂಬಿರಲಿಲ್ಲ. ಸಾವಿರದ ಒಂಬೈನೂರ ಎಂಬತ್ತೊಂದರ ಜನವರಿ, ಒಂದು ಶುಕ್ರವಾರ, ಬೆಳಗಿನ ಎಂಟು ಗಂಟೆ. ಕಿಟಕಿಯ ಕೆಳಗೆ ಚಾಪೆಯ ಮೇಲೆ ಕುಳಿತಿದ್ದ ಹೆಣ್ಣುಮಗಳು ಚಿಮಟದ ತುದಿಯಲ್ಲಿ ಅವರೆಕಾಳಿನಷ್ಟು ದೊಡ್ಡ ಕಲ್ಲೊಂದನ್ನು ಹಿಡಿದು, ಗುರುತು ಪರಿಚಯವಿಲ್ಲದ ಗಂಡಸಿನ ಮುಖವನ್ನೇ ದಿಟ್ಟಿಸುತ್ತಿದ್ದಳು.

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಬಾಗಿ ನೋಡಿದರು.

"ಬಣ್ಣವೇ ಇಲ್ಲವಲ್ಲಮ್ಮ. ನೀರಿನ ಹನಿ ಇದ್ದ ಹಾಗಿದೆ."

"ಬೆಳಕಿಗೆ ಹಿಡ್ದು ನೋಡಿ ಸಾರ್. ಎಲ್ಲಾದ್ರೂ ಒಂಚೂರು ನೀಲಿ?"

"ಇಲ್ಲ ತಾಯಿ."

ಅವಳು ಕಲ್ಲನ್ನು ಮೆಲ್ಲಗೆ ಬಟ್ಟಲಿಗೆ ಇಳಿಸಿ, ಎರಡೂ ಅಂಗೈಗಳಿಂದ ಬಾಯಿ ಮುಚ್ಚಿಕೊಂಡಳು. ಅರ್ಧ ಗಂಟೆಯ ಹಿಂದೆ ಅದೇ ಕಲ್ಲು ಕಡುನೀಲಿಯಾಗಿತ್ತು.

ಪಂಕಜಾ ಆಚಾರಿಗಳ ಮನೆಯ ಮಗಳು. ತಂದೆ ಲಕ್ಷ್ಮಯ್ಯನವರು ಸುತ್ತಣ ಹತ್ತು ಹಳ್ಳಿಗೆ ಬೆಳ್ಳಿ ಕೆಲಸ ಮಾಡಿಕೊಟ್ಟವರು; ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಊದುಗೊಳವೆ, ಅರಗಿನ ಕೋಲು, ಚಿಮಟ ಎಲ್ಲವೂ ಅವಳ ಕೈಗೇ ಬಂದಿದ್ದವು. ಹೊಟ್ಟೆಪಾಡಿಗೆ ಅವಳಿಗೆ ಸರ್ಕಾರಿ ಕೈಗಡಿಯಾರದ ಕಾರ್ಖಾನೆಯ ಕೆಲಸವಿತ್ತು. ಗಡಿಯಾರದೊಳಗೆ ಸಾಸಿವೆಗಿಂತ ಸಣ್ಣ ಕೆಂಪು ಕಲ್ಲುಗಳನ್ನು ಕೂರಿಸುವ ಕೆಲಸ. ಪಾಳಿ ಮುಗಿದ ಮೇಲೆ ಮನೆಯಲ್ಲಿ ತನ್ನದೇ ಆದ ಒಡವೆಗಳು. ಮೊದಲು ಚೌಕಳಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯುವಳು: ಹುಣಸೆ ಚಿಗುರಿನ ಓಲೆ, ರಾಗಿ ತೆನೆಯ ಉಂಗುರ, ತೊಂಡೆ ಬಳ್ಳಿಯ ಸರಕ್ಕೆ ತೊಂಡೆಹಣ್ಣಿನಂಥ ಕೆಂಪು ಕಲ್ಲು. ಆಮೇಲೆ ಬೆಳ್ಳಿ ಕರಗಿಸುವಳು. ಅಪ್ಪಟ ಬೆಳ್ಳಿ ಮೆತ್ತಗಿರುತ್ತದೆ, ಕಲ್ಲನ್ನು ಹಿಡಿದು ನಿಲ್ಲುವುದಿಲ್ಲ. ನೂರಕ್ಕೆ ತೊಂಬತ್ತೆರಡೂವರೆ ಭಾಗ ಬೆಳ್ಳಿಗೆ ಮಿಕ್ಕದ್ದು ತಾಮ್ರ ಬೆರೆಸಬೇಕು. ಆ ಅರ್ಧ ಭಾಗವನ್ನೂ ಅವಳು ಬಿಡುತ್ತಿರಲಿಲ್ಲ.

ಅವಳಿದ್ದುದು ನಾಗಲಕ್ಷ್ಮಮ್ಮನ ವಠಾರದಲ್ಲಿ. ನಾಗಲಕ್ಷ್ಮಮ್ಮನ ಗಂಡ ವೆಂಕಟೇಶಪ್ಪ ಹೊಸ ಸ್ಕೂಟರು ಕೊಂಡು ತಿಂಗಳೊಳಗೆ ಎರಡು ಸಲ ಬಿದ್ದಿದ್ದ. ಜೋಯಿಸರು ಶನಿಯ ಕಾಟವೆಂದರು. ಶನಿವಾರ ಬೆಳಿಗ್ಗೆ ಬೆಳ್ಳಿ ಉಂಗುರದಲ್ಲಿ ನೀಲದ ಕಲ್ಲನ್ನು ಧರಿಸಬೇಕು, ಕಲ್ಲಿನ ಬೆನ್ನು ಚರ್ಮಕ್ಕೆ ತಾಗುತ್ತಿರಬೇಕು ಎಂದರು. ಮನೆಯಲ್ಲಿ ತಲೆತಲಾಂತರದ ನೀಲದ ಪದಕವೊಂದಿತ್ತು. ಅತ್ತೆ ವೆಂಕಟಮ್ಮ ಮದುವೆಯಾಗಿ ಬಂದಾಗ ಕೊರಳಿಗೆ ಹಾಕಿದ್ದು. ಹಳೆಯ ಪದ್ಧತಿಯಂತೆ ಅದರ ಹಿಂಬದಿ ಅರಗು ತುಂಬಿ ಮುಚ್ಚಿತ್ತು. ಅತ್ತೆ ಮಗಳ ಮನೆಗೆ ಹೋಗಿದ್ದಾಗ ಸೊಸೆ ಪೆಟ್ಟಿಗೆಯಿಂದ ಅದನ್ನು ತೆಗೆದು ಪಂಕಜಾಳ ಕೈಗೆ ಕೊಟ್ಟಿದ್ದಳು. ಗುರುವಾರ ರಾತ್ರಿ ಹಿಂತಿರುಗಿದ ವೆಂಕಟಮ್ಮನಿಗೆ ವಿಷಯವೇ ಗೊತ್ತಿರಲಿಲ್ಲ.

ಲಕ್ಷ್ಮಯ್ಯನವರು ಮಗಳಿಗೆ ಕಲಿಸಿದ ಕಟ್ಟುನಿಟ್ಟು ಒಂದೇ: ಹಳೆಯ ಒಡವೆಯ ಬೆನ್ನನ್ನು ಅದರ ಯಜಮಾನರು ಎದುರಿಗೆ ಕುಳಿತಿರದೆ ಬಿಚ್ಚಬಾರದು. ಆ ಶುಕ್ರವಾರ ಸಂಜೆ ನಾಗಲಕ್ಷ್ಮಮ್ಮ ಬಂದು ಕೂರುವುದೆಂದು ಮಾತಾಗಿತ್ತು. ಆದರೆ ಕಾರ್ಖಾನೆಯಲ್ಲಿ ಪಾಳಿ ಬದಲಾಗಿ, ಸಂಜೆ ಪಂಕಜಾ ಮನೆಯಲ್ಲಿರುವಂತಿರಲಿಲ್ಲ. ಶನಿವಾರದ ಮುಹೂರ್ತ ತಪ್ಪಬಾರದು. ಅಡುಗೆಯ ಹೊತ್ತಿನಲ್ಲಿ ನಾಗಲಕ್ಷ್ಮಮ್ಮನನ್ನು ಕರೆಯುವುದೇಕೆ, ಒಂದು ಸಲ ತಾನೇ ಎಂದುಕೊಂಡು ಬೆಳಿಗ್ಗೆಯೇ ಒಬ್ಬಳೇ ಕುಳಿತು ಪದಕವನ್ನು ಬೆಚ್ಚಗೆ ಮಾಡಿ ಬಿಚ್ಚಿದಳು. ಅರಗು ಒಂದೇ ಗಟ್ಟಿಯಾಗಿ ಕಳಚಿ ಬಂತು. ಕಲ್ಲು ಅಂಗೈಗೆ ಬಿತ್ತು, ನೀರಿನಂತೆ. ಬರಿಯ ಗಾಜು!

"ಈಗ ಏನು ಮಾಡುತ್ತೀಯಮ್ಮ?" ಎಂದರು ಎಲ್ಲವನ್ನೂ ಕೇಳಿಸಿಕೊಂಡ ಮೇಷ್ಟ್ರು.

"ಹೋಗಿ ಹೇಳ್ತೀನಿ ಸಾರ್. ಬೇರೇನ್ ಮಾಡ್ಲಿ?"

ಹೇಳಿದಳು. ನಾಗಲಕ್ಷ್ಮಮ್ಮ ಮೊದಲು ನಕ್ಕಳು, ತಮಾಷೆಯೆಂದುಕೊಂಡು. ಗಾಜನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಅವಳ ಮುಖ ಬಿಳುಚಿತು.

"ಇದೇನೇ ಇದು? ನಾನ್ ಕೊಟ್ಟಿದ್ದು ನೀಲ ಕಣೇ! ಸಂಜೆ ಬತ್ತೀನಿ, ನನ್ ಮುಂದೆ ಬಿಚ್ಚು ಅಂದಿರ್ಲಿಲ್ವಾ? ಯಾಕ್ ಬಿಚ್ದೆ ಒಬ್ಳೇ?"

ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ವೆಂಕಟಮ್ಮನ ಕೈಯಿಂದ ಎಲೆಯಡಿಕೆಯ ತಟ್ಟೆ ಜಾರಿ ಬಿತ್ತು. ಮುದುಕಿ ತಟ್ಟೆಯನ್ನೂ ಎತ್ತದೆ ಒಳಗೆ ಹೋಗಿಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ನಲ್ಲಿಯ ಬಳಿಗೆ ಬಂದಿತ್ತು. "ಏನಮ್ಮ ಪಂಕಜಾ," ಎಂದಳು ಎದುರುಮನೆಯ ಮುನಿಯಕ್ಕ, ಕೊಡ ತುಂಬಿಸುತ್ತ, "ನೀಲಾನ ನೀರು ಮಾಡ್ಬಿಟ್ಯಂತೆ? ನಮ್ಮನೆ ಅಂಡೇಗೂ ಒಸಿ ಮಾಡ್ಕೊಡು, ನಲ್ಲೀಲಿ ಬರಾದು ಸಾಲ್ದು."

ಸುತ್ತಲಿದ್ದವರು ನಕ್ಕರು. ಪಂಕಜಾ ಖಾಲಿ ಕೊಡವನ್ನೇ ಎತ್ತಿಕೊಂಡು ಹಿಂತಿರುಗಿದಳು. ಅವಳಿಗೆ ನಗುವಿನ ಭಯವಿರಲಿಲ್ಲ. ವೆಂಕಟೇಶಪ್ಪ ಭಾನುವಾರದವರೆಗೆ ಗಡುವು ಕೊಟ್ಟಿದ್ದ: ಕಲ್ಲು ಬಾರದಿದ್ದರೆ ಸೋಮವಾರ ಪೊಲೀಸು, ಕಾರ್ಖಾನೆಗೆ ಕಾಗದ. ಆ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದ ಹೆಂಗಸರ ಬುತ್ತಿಯ ಡಬ್ಬಿಯನ್ನೂ ಗೇಟಿನಲ್ಲಿ ತೆರೆದು ನೋಡುತ್ತಿದ್ದರು, ಒಂದು ಕೆಂಪು ಕಲ್ಲೂ ಆಚೆ ಹೋಗಬಾರದೆಂದು. ಕಲ್ಲು ಕದ್ದವಳೆಂಬ ಮಾತು ಅಲ್ಲಿಗೆ ಮುಟ್ಟಿದರೆ, ಅದು ಸುಳ್ಳೇ ಆಗಿರಲಿ, ಅವಳಿಗೆ ಅಲ್ಲಿ ಕುರ್ಚಿ ಉಳಿಯುವುದಿಲ್ಲ. ಆಮೇಲೆ ಊರಲ್ಲಿ ಯಾರು ತಾನೇ ಅವಳ ಕೈಗೆ ಒಡವೆ ಕೊಟ್ಟಾರು?

ಶನಿವಾರ ಬೆಳಿಗ್ಗೆ ಅವಳು ಕಳಚಿ ಇಟ್ಟಿದ್ದ ಅರಗನ್ನು ಸಣ್ಣದನ್ನು ದೊಡ್ಡದಾಗಿ ತೋರಿಸುವ ತನ್ನ ಕಣ್ಣುಗಾಜಿನಿಂದ ನೋಡತೊಡಗಿದಳು. ಗಾಜು ಕುಳಿತಿದ್ದ ಗುಳಿಯ ತಳದಲ್ಲಿ ಏನೋ ಅಂಟಿತ್ತು. ಕಲ್ಲಿನ ಬಣ್ಣ ಹೆಚ್ಚಿಸಲು ಅಡಿಗಿಡುವ ತಗಡು ಇರಬಹುದೆಂದು ಸೂಜಿಯಿಂದ ಬಿಡಿಸಿದಳು. ತಗಡಲ್ಲ, ಎಳೆ ಎಳೆಯಾಗಿತ್ತು. ಬೆಳಕಿಗೆ ಹೊರಳಿಸಿದಾಗ ಫಳ್ಳೆಂದು ನೀಲಿ ಹೊಡೆಯಿತು. ನವಿಲುಗರಿಯ ಕಣ್ಣಿನ ನಟ್ಟನಡುವಿನ ಚೂರು!

ಪಂಕಜಾ ಕಣ್ಣುಗಾಜನ್ನು ಕೆಳಗಿಟ್ಟು ಎದ್ದು ನಿಂತಳು. ಅಪ್ಪನ ಪೆಟ್ಟಿಗೆಯಲ್ಲಿ ಯಾವಾಗಲೂ ಒಂದು ನವಿಲುಗರಿ ಇರುತ್ತಿತ್ತು. ಬೆಳ್ಳಿಪುಡಿ ಗುಡಿಸಲೆಂದು ಅವಳು ತಿಳಿದಿದ್ದಳು. ಪೆಟ್ಟಿಗೆ ತೆರೆದು ಗರಿಯನ್ನು ಎತ್ತಿಕೊಂಡಳು. ಅದರ ಕಣ್ಣಿನ ನಡುವೆ ಕತ್ತರಿಸಿ ತೆಗೆದ ತೂತುಗಳಿದ್ದವು, ಒಂದಲ್ಲ, ನಾಲ್ಕು. ಕಳ್ಳತನದ ಮಾತು ಕೇಳಿದಾಗಲೂ ಅಳದಿದ್ದವಳು ಆಗ ಅತ್ತಳು.

ಭಾನುವಾರ ನಾಗಲಕ್ಷ್ಮಮ್ಮನ ಅಂಗಳದಲ್ಲಿ ವಠಾರದವರೆಲ್ಲ ಸೇರಿದ್ದರು. ಪಂಕಜಾ ಕೇಳಿಕೊಂಡಿದ್ದರಿಂದ ಮೇಷ್ಟ್ರೂ ಬಂದಿದ್ದರು. ಅವಳು ಬಿಸಿಲಿಗೆ ಮಣೆ ಹಾಕಿ ಅರಗು, ಗಾಜು, ಗರಿಯ ಚೂರು ಮೂರನ್ನೂ ಸಾಲಾಗಿ ಇಟ್ಟಳು.

"ಅಕ್ಕ, ಹತ್ರ ಬನ್ನಿ. ಈ ಗಾಜಿನ ಅಂಚಲ್ಲಿ ಒಂದು ಚಕ್ಕೆ ಎದ್ದಿದೆ, ಕಾಣುತ್ತಾ? ಇಲ್ಲಿ ಅರಗಲ್ಲಿ ನೋಡಿ, ಅದೇ ಜಾಗದಲ್ಲಿ ಮೊಳೆ ಥರ ಒಂದು ಉಬ್ಬು ಎದ್ದಿದೆ."

ಚೂರನ್ನು ಗುಳಿಗೆ ಹಾಕಿ ಮೇಲೆ ಗಾಜನ್ನಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಅರಗಿನ ಮೊಳೆ ಗಾಜಿನ ಚಕ್ಕೆ ಎದ್ದ ಜಾಗಕ್ಕೆ ಸರಿಯಾಗಿ ಕುಳಿತಿತು. ನೀರಿನಂತಿದ್ದ ಗಾಜು ಎಲ್ಲರ ಕಣ್ಣೆದುರಿಗೇ ಕಡುನೀಲಿಯಾಯಿತು. ಮುನಿಯಕ್ಕ "ಅಯ್ಯಯ್ಯೋ!" ಎಂದು ಹಿಂದಕ್ಕೆ ಸರಿದಳು.

ನಾಗಲಕ್ಷ್ಮಮ್ಮ ಸುಧಾರಿಸಿಕೊಂಡು ಕೇಳಿದಳು: "ಅರಗನ್ನ ನೀನೇ ಕಾಯ್ಸಿ ಇಂಗೆ ಕೂರ್ಸಿರ್ಬೈದಲ್ಲ?"

"ಹೊಸ ಅರಗು ಕೆಂಪಗಿರುತ್ತೆ ಅಕ್ಕ. ಇದು ಕಪ್ಪಾಗಿ ಒಳಗೆಲ್ಲ ಬಿರುಕು ಬಿಟ್ಟಿದೆ. ನಾನು ಹುಟ್ಟೋಕ್ ಮುಂಚಿನದು." ಅವಳು ಮಣೆಯನ್ನು ನಾಗಲಕ್ಷ್ಮಮ್ಮನ ಕಡೆ ಸರಿಸಿದಳು. "ಇದನ್ನ ಕಟ್ಟಿದ್ದು ನಮ್ಮಪ್ಪ. ಗರಿ ಅವರ ಪೆಟ್ಟಿಗೇಲೇ ಇದೆ. ನೀಲ ಏನಾಯ್ತೋ ನಂಗೊತ್ತಿಲ್ಲ. ನಿಮ್ಮನೆಗೆ ಗಾಜು ಕಟ್ಕೊಟ್ಟಿದ್ದು ಮಾತ್ರ ನಮ್ಮಪ್ಪನೇ."

"ಅಂಗಾದ್ರೆ ಕಳ್ಳ ನಿಮ್ಮಪ್ಪ!" ಎಂದ ವೆಂಕಟೇಶಪ್ಪ.

"ಬಾಯ್ಮುಚ್ಚೋ!"

ಕೂಗಿದವಳು ವೆಂಕಟಮ್ಮ. ಎರಡು ದಿನ ಮಾತಿಲ್ಲದೆ ಮೂಲೆಯಲ್ಲಿ ಕುಳಿತಿದ್ದ ಎಪ್ಪತ್ತರ ಮುದುಕಿ ಕಂಬ ಹಿಡಿದು ಎದ್ದು ನಿಂತಿದ್ದಳು.

"ಸತ್ತೋದ ಪುಣ್ಯಾತ್ಮನ್ನ ಕಳ್ಳ ಅನ್ಬ್ಯಾಡ. ಕಲ್ಲು ಕಳ್ದಾಕಿದ್ದು ನಾನು. ಕೆರೇಲಿ ಬಟ್ಟೆ ಒಗೀತಾ ಇದ್ದೆ, ಪದಕದಿಂದ ಬಿದ್ದೋಯ್ತು. ಮೂರು ದಿನ ಕೆಸರು ಬಗೆದೆ. ನಮ್ಮತ್ತೆಗೆ ಗೊತ್ತಾಗಿದ್ರೆ ತವರಿಗೆ ಅಟ್ಟಿರೋಳು. ಆಗ ನೀನು ಒಟ್ಟೇಲಿದ್ದೆ ಕಣೋ. ಲಕ್ಷ್ಮಯ್ಯನ ಕಾಲು ಇಡ್ಕಂಡೆ. ಅವ್ನೇ ಇದ್ನ ಮಾಡ್ಕೊಟ್ಟ. ಒಂದ್ ಕಾಸೂ ಮುಟ್ಟಲಿಲ್ಲ."

ಪಂಕಜಾ ಕೇಳಿದಳು, ತೀರ ಮೆಲ್ಲಗೆ: "ಎರಡು ದಿವಸದಿಂದ ಎಲ್ರೂ ನನ್ನ ಕಳ್ಳಿ ಅಂತಿದ್ರಲ್ಲ ಅಜ್ಜಿ. ನೀವು ಕೇಳಿಸ್ಕೋತಾನೇ ಇದ್ರಾ?"

"ಕೇಳಿಸ್ಕಂಡೆ ಮಗಾ. ಆಗ ಅತ್ತೆ ಬಯ, ಈಗ ಸೊಸೆ ಬಯ." ಮುದುಕಿ ಸೆರಗಿನಿಂದ ಮೂಗೊರಸಿಕೊಂಡಳು. "ಯಜಮಾನರಿಲ್ದೆ ಬೆನ್ನು ಬಿಚ್ಬ್ಯಾಡ ಅಂತ ನಿಮ್ಮಪ್ಪ ಯೋಳ್ತಿರ್ಲಿಲ್ವಾ? ನಮ್ಮಂತೋರಿಗೇ ಅಂತ ಯೋಳಿದ್ದು ಕಣೆ. ಎದುರ್ಗಿದ್ದಿದ್ರೆ ನಾನು ಬಿಚ್ಚಾಕೇ ಬಿಡ್ತಿರ್ಲಿಲ್ಲ."

ಕಳ್ಳತನದ ಅಪವಾದಕ್ಕೆ ಹೆದರಿ ಅಪ್ಪ ಆ ಮಾತು ಹೇಳಿದ್ದರೆಂದೇ ಪಂಕಜಾ ಅಲ್ಲಿಯವರೆಗೆ ನಂಬಿದ್ದಳು. ಗರಿಯಲ್ಲಿದ್ದ ಮಿಕ್ಕ ಮೂರು ತೂತುಗಳು ಅವಳ ಕಣ್ಣಿಗೆ ಕಟ್ಟಿದವು. ಆ ಮೂರು ಮನೆಗಳು ಯಾವುವೋ!

ಕಾರ್ಖಾನೆಗೆ ಕಾಗದ ಹೋಗಲಿಲ್ಲ. ನಾಗಲಕ್ಷ್ಮಮ್ಮ ಒಂದು ತಿಂಗಳು ಅತ್ತೆಯ ಜೊತೆ ಮಾತು ಬಿಟ್ಟಳು; ಪಂಕಜಾಳಿಗೆ ಮಾತ್ರ ಮಾರನೆಯ ದಿನವೇ ಅವರೆಕಾಳಿನ ಹುಳಿ ಕಳಿಸಿದಳು. ವೆಂಕಟೇಶಪ್ಪ ಸ್ಕೂಟರನ್ನು ನಿಧಾನವಾಗಿ ಓಡಿಸುವುದನ್ನು ಕಲಿತ. ಸಂಕ್ರಾಂತಿ ಕಳೆದ ಮೇಲೆ ವೆಂಕಟಮ್ಮ ಕೋಲೂರಿಕೊಂಡು ಬಂದು, ಆ ಗಾಜಿನಿಂದ ತನಗೊಂದು ಉಂಗುರ ಬೇಕೆಂದಳು. ಪಂಕಜಾ ಬೆನ್ನು ತೆರೆದ ಬೆಳ್ಳಿ ಉಂಗುರವನ್ನು ಮಾಡಿದಳು. ಹನಿಯಂಥ ಗಾಜು ನಡುವೆ, ಕೆರೆಗೆ ಕಲ್ಲು ಬಿದ್ದಾಗ ಏಳುವ ಅಲೆಗಳಂತೆ ಸುತ್ತ ಬೆಳ್ಳಿ ತಂತಿಯ ಮೂರು ಸುತ್ತು. ಮುದುಕಿ ಅದನ್ನು ಸಾಯುವವರೆಗೂ ತೆಗೆಯಲಿಲ್ಲ.

ಅಂದು ಮರೆತುಹೋದ ಓಲೆಯ ತಿರುಪು ಸರಿಯಾಗಿ ಮೇಷ್ಟ್ರ ಕೈ ಸೇರಿದ್ದು ಫೆಬ್ರವರಿಯಲ್ಲಿ.

ಈಗ ತುಮಕೂರು ರಸ್ತೆಯ ಮೇಲೆ ಮೆಟ್ರೋ ಓಡುತ್ತದೆ. ಕಾರ್ಖಾನೆಯಿಂದ ನಿವೃತ್ತರಾದ ಪಂಕಜಾ ಅವರಿಗೆ ಎಪ್ಪತ್ತು ದಾಟಿದೆ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಿಟಕಿಯ ಕೆಳಗೆ ಕೆಲಸ. ಮಾಡುವುದೆಲ್ಲ ಬೆನ್ನು ತೆರೆದ ಒಡವೆಯೇ. ಹಳೆಯ ಪದಕ, ಹಳೆಯ ಓಲೆ ಹಿಡಿದು ಬಂದವರು ಇಟ್ಟು ಹೋಗುತ್ತೇನೆ ಎಂದರೆ ಕೇಳುವುದಿಲ್ಲ. ಎದುರಿಗೆ ಒಂದು ಸ್ಟೂಲು ಹಾಕಿದ್ದಾರೆ.

"ಇದರ ಬಗ್ಗೆ ಮನೆಯ ಹಿರಿಯರನ್ನ ಕೇಳ್ಕೊಂಡ್ ಬಂದ್ರಾ? ಇಲ್ವಾ? ಹೋಗಿ, ಅವ್ರನ್ನೂ ಕರ್ಕೊಂಡ್ ಬನ್ನಿ," ಎನ್ನುತ್ತಾರೆ. "ಅವ್ರು ಬಿಚ್ಚು ಅಂದ್ರೆ ಬಿಚ್ತೀನಿ."