ಹಾಜರಿಯ ಮೂರನೇ ಕೂಗು

ಮೊನ್ನೆ ಮಗಳ ಶಾಲೆಯ ಚೀಲದ ತಳದಲ್ಲಿ ಒಂದು ಕಂಡಕಿ ಸಿಕ್ಕಿತು. ಮಗ್ಗದ ಲಾಳಿಯೊಳಗೆ ಕೂಡಿಸುವ, ನೂಲು ಸುತ್ತಿದ ಗೇಣುದ್ದದ ಕಡ್ಡಿ. ರಜೆಗೆ ಬನಹಟ್ಟಿಗೆ, ನನ್ನ ತವರಿಗೆ ಹೋದಾಗ ಎತ್ತಿಕೊಂಡು ಬಂದಿದ್ದಳಂತೆ. ನಾನು ಹುಡುಕುತ್ತಿದ್ದದ್ದು ಅದನ್ನಲ್ಲ, ಅವಳ ಕ್ಲಾಸ್ ಟೀಚರ್ ಬರೆದು ಕಳಿಸಿದ ಚೀಟಿಯನ್ನು. ಅದೂ ಸಿಕ್ಕಿತು. ಈ ತಿಂಗಳು ಒಂಬತ್ತು ದಿನ ತಡ, ನಾಲ್ಕು ದಿನ ಗೈರು, ಪಾಲಕರು ಬಂದು ಕಾಣಬೇಕು. ಆ ನಾಲ್ಕರಲ್ಲಿ ಎರಡು ದಿನ ನಾನೇ ಫೋನಿನಲ್ಲಿ 'ಹೊಟ್ಟೆನೋವು' ಎಂದು ಸುಳ್ಳು ಬರೆದು ಕಳಿಸಿದ್ದೆ. ನಾವು ಏಳುವುದು ತಡವಾಗಿತ್ತು, ಅಷ್ಟೇ.

ಕಂಡಕಿಯನ್ನು ಮೂಗಿಗೆ ಹಿಡಿದೆ. ಮಷಿನ್ ಎಣ್ಣೆ, ಗಂಜಿಯ ಹುಳಿ. ಆ ವಾಸನೆಯ ಬೆನ್ನಿಗೇ ಬೀದಿಯಲ್ಲಿ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಯಿತು... ಮುಧೋಳದ ಈ ಬೀದಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎದ್ದು ಹೋಗಿ ನೋಡಿದೆ. ತರಕಾರಿ ಗಾಡಿಯೊಂದು ತಿರುವಿನಲ್ಲಿ ಮರೆಯಾಗುತ್ತಿತ್ತು. ಅಷ್ಟೇ ಇತ್ತು ಎಂದು ಅಂದೇ ದಿನಚರಿಯಲ್ಲಿ ಬರೆದಿಟ್ಟೆ. ಬರೆಯದೆ ಬಿಟ್ಟದ್ದನ್ನು ನನ್ನ ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ. ಇದು ನನಗೆ ಬಹಳ ಸಲ ಗೊತ್ತಾಗಿದೆ.

ಅಕ್ಕೋರ ಕಾಲದಲ್ಲಿ ನಾನು ದಿನಚರಿ ಬರೆಯುತ್ತಿರಲಿಲ್ಲ. ನಾಲ್ಕನೇ ತರಗತಿಯಲ್ಲಿದ್ದೆ. ಹಾಗಾಗಿ ಮುಂದಿನದನ್ನು ಎಷ್ಟು ನಂಬಬೇಕೋ ನನಗೇ ತಿಳಿಯದು.

ಅಕ್ಕೋರು ನಮ್ಮ ಶಾಲೆಯ ಟೀಚರ್. ದಿನಾ ಜಮಖಂಡಿಯಿಂದ ಬಸ್ಸಿಗೆ ಬರುತ್ತಿದ್ದರು. ತೆಳ್ಳಗಿನ ಹೆಂಗಸು, ಕಂಕುಳಲ್ಲಿ ಕರಿ ಛತ್ರಿ. ಬಸ್ಸು ಕೆಟ್ಟರೂ, ಮಳೆ ಬಂದರೂ, ಹತ್ತು ಗಂಟೆಯ ಪ್ರಾರ್ಥನೆಗೆ ಅವರು ನಮಗಿಂತ ಮೊದಲೇ ಅಂಗಳದಲ್ಲಿರುತ್ತಿದ್ದರು. ಹಾಜರಿಯನ್ನು ಅವರು ನಂಬರ್ ಹಿಡಿದು ಕರೆದವರಲ್ಲ. ಒಂದೊಂದೇ ಹೆಸರು ಕರೆದು, ಕಣ್ಣೆತ್ತಿ ಮುಖ ನೋಡುತ್ತಿದ್ದರು. "ಹಾಜರ್ ರೀ ಅಕ್ಕೋರ" ಅನ್ನಬೇಕು. ಉತ್ತರ ಬರದಿದ್ದರೆ ಮತ್ತೊಮ್ಮೆ. ಆಗಲೂ ಬರದಿದ್ದರೆ ಕಿಟಕಿಯ ಕಡೆ ತಿರುಗಿ, ಬೀದಿಗೆ ಕೇಳುವ ಹಾಗೆ, ಮೂರನೇ ಸಲ. ಆಮೇಲೆಯೇ ಗೈರು.

ಗೈರಾದ ಮಗುವಿನ ಜಾಗದಲ್ಲಿ ಯಾರೂ ಕೂಡುವಂತಿರಲಿಲ್ಲ. ಗೋಣಿತಟ್ಟಿನ ಮೇಲೆ ಒಂದು ಮಗುವಿನಷ್ಟು ಜಾಗ ಖಾಲಿ ಬಿಡಬೇಕು. ಅಷ್ಟೇ ಆಗಿದ್ದರೆ ನಾವು ಹೆದರುತ್ತಿರಲಿಲ್ಲ. ಪಾಠದ ನಡುವೆ ಅವರು ಆ ಖಾಲಿ ಜಾಗಕ್ಕೂ ಪ್ರಶ್ನೆ ಕೇಳುತ್ತಿದ್ದರು. "ಏಳೆಂಟಲೆ ಎಷ್ಟ?" ಎಂದು ಕೇಳಿ, ಒಂದು ಮಗು ಯೋಚಿಸಿ ಹೇಳುವಷ್ಟು ಹೊತ್ತು ಆ ಜಾಗವನ್ನೇ ನೋಡುತ್ತ ಸುಮ್ಮನೆ ನಿಲ್ಲುತ್ತಿದ್ದರು. ನಾವು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು. ಆಮೇಲೆ "ಹೋಗಲಿ, ನಾಳೆ ಹೇಳತಾಳ" ಎಂದು ಮುಂದಿನವರ ಕಡೆ ತಿರುಗುತ್ತಿದ್ದರು.

ಹೆಚ್ಚಾಗಿ ಖಾಲಿಯಿರುತ್ತಿದ್ದ ಜಾಗ ನನ್ನದೇ.

ನಮ್ಮ ಮನೆಯ ಮುಂದಿನ ಅರ್ಧದಲ್ಲಿ ಎರಡು ಪವರ್‌ಲೂಮ್, ಹಿಂದಿನ ಅರ್ಧದಲ್ಲಿ ನಾವು. ಆಗ ಕರೆಂಟು ಒಂದು ವಾರ ಮುಂಜಾನೆ, ಒಂದು ವಾರ ಮಧ್ಯಾಹ್ನದ ಮೇಲೆ. ಮುಂಜಾನೆ ಕರೆಂಟಿರುವ ವಾರ ಅಪ್ಪ ಮಗ್ಗ ನಡೆಸಿದರೆ, ಅವ್ವ ಮತ್ತು ನಾನು ಸಣ್ಣ ಮಷಿನ್ನಿನ ಮುಂದೆ ಕೂತು ಕಂಡಕಿ ಸುತ್ತಬೇಕು. ಕಂಡಕಿ ತೀರಿದರೆ ಮಗ್ಗ ನಿಲ್ಲುತ್ತದೆ. ಹಾಗಾಗಿ ಆ ವಾರ ನಾನು ಶಾಲೆಗೆ ಹೋಗುತ್ತಿದ್ದದ್ದು ಹನ್ನೊಂದೂವರೆಗೆ, ಇಲ್ಲವೇ ಹೋಗುತ್ತಲೇ ಇರಲಿಲ್ಲ.

ಒಮ್ಮೆ ಹಾಗೆ ತಡವಾಗಿ ಹೋಗಿ ನನ್ನ ಜಾಗದಲ್ಲಿ ಕೂತಾಗ ಗೋಣಿತಟ್ಟು ಬೆಚ್ಚಗಿತ್ತು. ಆಗಷ್ಟೇ ಯಾರೋ ಎದ್ದು ಹೋದಷ್ಟು ಬೆಚ್ಚಗೆ. ಪಕ್ಕದವಳನ್ನು ಕೇಳಿದರೆ "ಯಾರೂ ಕುಂತಿಲ್ಲಬೇ, ಆಣಿ ಮಾಡಿ ಹೇಳತೀನಿ" ಅಂದಳು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತೆಂದು ಈಗ ಅನ್ನಿಸುತ್ತದೆ. ಕಿಟಕಿ ನಮ್ಮ ಕಡೆಗಿತ್ತೇ? ಇದ್ದಿರಬೇಕು.

ಆ ವಾರವೇ ಅಕ್ಕೋರು ಮನೆಗೆ ಬಂದರು. ಶಾಲೆ ಬಿಟ್ಟ ಮೇಲೆ, ಜಮಖಂಡಿ ಬಸ್ಸು ಹಿಡಿಯುವ ಮೊದಲು, ಗೈರಾದವರ ಮನೆಗೆ ಹೋಗುವುದು ಅವರ ರೂಢಿ. ಬಾಗಿಲು ಬಡಿಯುವುದಿಲ್ಲ, ಬೀದಿಯಲ್ಲೇ ನಿಂತು ಹಾಜರಿಯ ಧ್ವನಿಯಲ್ಲೇ ಹೆಸರು ಕರೆಯುತ್ತಾರೆ. ಕೂಗು ಕೇಳಿ ನಾನು ಬಾಯಿ ತೆರೆದೆ. ನನ್ನ ಆಯಿ, ಅಪ್ಪನ ತಾಯಿ, ಗಪ್ಪನೆ ನನ್ನ ಬಾಯಿ ಮುಚ್ಚಿದಳು. ಕಾಣದ ಕಡೆಯಿಂದ ಹೆಸರು ಹಿಡಿದು ಕರೆದರೆ ಮೂರನೇ ಸಲಕ್ಕೇ 'ಓ' ಅನ್ನಬೇಕು. ದೆವ್ವಕ್ಕೆ ಎರಡೇ ಸಲ ಕರೆಯಲು ಬರುವುದು ಎಂಬುದು ಅವಳು ನಮಗೆಲ್ಲ ಕಲಿಸಿದ ಕಟ್ಟಳೆ. ಎರಡನೇ ಕೂಗಿಗೂ ಅವಳ ಕೈ ನನ್ನ ಬಾಯಿಯ ಮೇಲೇ ಇತ್ತು. ಮೂರನೆಯದಕ್ಕೆ ಬಿಟ್ಟಳು.

"ಯಾಕ್ರಿ ಆಯಿ, ನಾ ಏನ್ ದೆವ್ವ ಏನ್ರಿ?" ಅಕ್ಕೋರು ಒಳಗೆ ಬರುತ್ತ ನಕ್ಕರು.

"ಎರಡೂ ಒಂದ ಬಿಡ ನಮ್ಮವ್ವಾ. ಹುಡುಗರನ್ನ ಹಿಡದ್ರ ಬಿಡೂದಿಲ್ಲ" ಅಂದಳು ಆಯಿ.

ಅಪ್ಪ ನಗಲಿಲ್ಲ. "ಕರೆಂಟ್ ಇದ್ದಾಗ ಮಗ್ಗ ನಡೀಬೇಕ್ರಿ ಅಕ್ಕೋರ. ಕರೆಂಟ್ ನನ್ನ ಮಾತ ಕೇಳತೈತೇನು? ಮುಂದಿನ ವರ್ಷದಿಂದ ಬಿಡಿಸಿಬಿಡತೀನಿ. ಹಿಂಗ ಅರ್ಧಂಬರ್ಧ ಹೋಗೂದಕ್ಕ ಮನ್ಯಾಗ ಇರೂದ ಛಲೋ."

ಕೈಯಲ್ಲಿದ್ದ ಕಂಡಕಿಯ ಎಳೆ ಕಡಿದದ್ದು ನೆನಪಿದೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ನನಗೆ ಮಾತ್ರ ಅಂದೇ ತಿಳಿಯಿತು.

ಅಕ್ಕೋರು ಛತ್ರಿಯನ್ನು ಗೋಡೆಗೆ ಒರಗಿಸಿಟ್ಟು ಕೂತರು. ಆಮೇಲೆ ಮೆಲ್ಲಗೆ ಹೇಳಿದರು: "ಮೊದಲ ತಾಸಿಗೆ ನಾ ಲೆಕ್ಕ ಹೇಳತೀನ್ರಿ. ಇಕಿಗೆ ಭಾಗಾಕಾರ ಅರ್ಧ ಬರತೈತಿ. ಯಾವ ಅರ್ಧ ಗೊತ್ತೇನ್ರಿ? ಮುಂಜಾನೆ ನಿಮ್ಮ ಕರೆಂಟ್ ಇಲ್ಲದ ವಾರದ್ದು. ಬುದ್ಧಿ ಕಡಿಮಿ ಇಲ್ಲ ಇಕಿಗೆ, ಕೇಳೂದ ಕಡಿಮಿ ಆಗೇತಿ." ಅಟ್ಟದ ಮೇಲೆ ಧೂಳು ಹಿಡಿದಿದ್ದ ಆಯಿಯ ಹಳೆಯ ಕೈರಾಟಿಯ ಕಡೆ ನೋಡಿದರು. "ಅದಕ್ಕ ಕರೆಂಟ್ ಬೇಕೇನ್ರಿ? ಸಂಜಿಮುಂದ ಒಂದ್ ಬುಟ್ಟಿ ಕಂಡಕಿ ಸುತ್ತಿಟ್ರ, ಮುಂಜಾನೆ ಹುಡುಗಿ ಸಾಲಿಗೆ ಬರತಾಳ. ನೀವು ಇಷ್ಟ ಮಾಡ್ರಿ, ಉಳಿದದ್ದು ನಾ ನೋಡಕೋತೀನಿ."

ಹೊರಡುವಾಗ ಬಾಗಿಲಲ್ಲಿ ನನ್ನ ತಲೆ ಮುಟ್ಟಿ ಅಂದರು: "ನಿನ್ನ ಜಾಗಾ ನಿನ್ನ ದಾರಿ ನೋಡತಿರತೈತಿ. ಭಾಳ ದಿವ್ಸ ಖಾಲಿ ಬಿಡಬ್ಯಾಡ. ಬ್ಯಾರೆ ಯಾರರ ಬಂದು ಕೂಡತಾರ."

"ಯಾರ್ ರೀ?"

"ನನಗೂ ಗೊತ್ತಿಲ್ಲಬೇ. ಅದಕ್ಕ ಹೇಳಾಕತ್ತೀನಿ, ನೀನ ಬಾ."

ಆಯಿ ರಾಟಿ ಇಳಿಸಿ, ಒರೆಸಿ, ಎಣ್ಣೆ ಬಿಟ್ಟಳು. ದಿನಾ ಸಂಜೆ ಬುಟ್ಟಿ ತುಂಬಿಸಿದಳು. ನಾಲ್ಕೈದು ತಿಂಗಳು ನನ್ನ ಜಾಗ ಖಾಲಿ ಬೀಳಲಿಲ್ಲ. ಭಾಗಾಕಾರದ ಉಳಿದರ್ಧವೂ ಬಂತು.

ಆಮೇಲೆ ಆಯಿ ಎಂಟು ದಿನಕ್ಕೆಂದು ಬೀಳಗಿಗೆ, ತಂಗಿಯ ಮನೆಗೆ ಹೋದಳು. ಬುಟ್ಟಿ ಬರಿದಾಯಿತು. ಲಗ್ನದ ಕಾಲ, ಸೀರೆಗಳಿಗೆ ಬೇಡಿಕೆ ಇತ್ತು. "ಎಂಟ ದಿವ್ಸ ಅಷ್ಟ" ಅಂದ ಅಪ್ಪ. ನಾನು ಮತ್ತೆ ಮಷಿನ್ನಿನ ಮುಂದೆ ಕೂತೆ. ದಿನಾ ಹತ್ತರ ಹೊತ್ತಿಗೆ ಮಗ್ಗದ ಸದ್ದಿನೊಳಗೆ ಹಾಜರಿಯ ಹೆಸರುಗಳು ಸಾಲಾಗಿ ಕೇಳತೊಡಗುತ್ತಿದ್ದವು. ನನ್ನ ಹೆಸರು ಹತ್ತಿರ ಬಂದಂತೆ ಕಂಡಕಿ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದೆ. ಅಕ್ಕೋರು ಸಂಜೆ ಬರಲಿಲ್ಲ. ಮೊದಲ ದಿನ ಬರಲಿಲ್ಲ, ಎರಡನೇ ದಿನವೂ ಇಲ್ಲ. ಸಿಟ್ಟಾಗಿದ್ದಾರೆ ಅಂದುಕೊಂಡೆ.

ಐದನೆಯ ದಿನವೋ, ಆರನೆಯ ದಿನವೋ. ಮುಂಜಾನೆ, ಹಾಜರಿಯ ಹೊತ್ತು. ಎರಡೂ ಮಗ್ಗ ನಡೆಯುತ್ತಿದ್ದವು. ಬೀದಿಯಿಂದ ನನ್ನ ಹೆಸರು ಕೇಳಿತು. ಸದ್ದಿನ ಮೇಲಿಂದಲ್ಲ, ಸದ್ದಿನ ಅಡಿಯಿಂದ ಬಂದ ಹಾಗೆ, ಸ್ಪಷ್ಟವಾಗಿ. ಅಕ್ಕೋರದೇ ಧ್ವನಿ. ಒಂದು ಸಲ. ಸ್ವಲ್ಪ ಬಿಟ್ಟು, ಇನ್ನೊಂದು ಸಲ. ಬಾಯಿಯ ತುದಿಗೆ 'ಓ' ಬಂದಿತ್ತು. ಆಯಿ ಮನೆಯಲ್ಲಿರಲಿಲ್ಲ, ಆದರೂ ಅವಳ ಕೈ ನನ್ನ ಬಾಯಿಯ ಮೇಲಿತ್ತು. ಮೂರನೆಯದಕ್ಕೆ ಕಾದೆ...

ಮೂರನೆಯದು ಬರಲಿಲ್ಲ. ಓಡಿಹೋಗಿ ನೋಡಿದೆ. ಬೀದಿಯುದ್ದಕ್ಕೂ ಬಣ್ಣ ಹಾಕಿದ ನೂಲು ಗಳುಗಳ ಮೇಲೆ ಒಣಗುತ್ತಿತ್ತು. ನೂಲಿನ ಒಂದು ಲಡಿ ಮಾತ್ರ, ಈಗಷ್ಟೇ ಯಾರೋ ಸರಿಸಿಕೊಂಡು ಹೋದ ಹಾಗೆ, ಅಲುಗುತ್ತಿತ್ತು. ನಾನು ಯಾರನ್ನೂ ಕೇಳದೆ ಪಾಟೀಚೀಲ ಎತ್ತಿಕೊಂಡು ಶಾಲೆಗೆ ಓಡಿದೆ.

ಪ್ರಾರ್ಥನೆ ಮುಗಿದಿತ್ತು. ತರಗತಿಯಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದರು. ಕುರ್ಚಿ ಖಾಲಿ. ಅಕ್ಕೋರು ಬಂದಿರಲಿಲ್ಲ. ಅದು ಎಂದೂ ಆಗದ್ದು. ಏನು ಮಾಡಬೇಕೆಂದು ನಮಗೆ ತೋಚಲಿಲ್ಲ. ಕೊನೆಗೆ ಮುಂದಿನ ಸಾಲಿನ ಒಬ್ಬಳು ಎದ್ದು ನಿಂತು ಕುರ್ಚಿಯ ಕಡೆ ನೋಡಿ ಕರೆದಳು: "ಅಕ್ಕೋರ." ನಾವೆಲ್ಲ ಕಾದೆವು. "ಅಕ್ಕೋರ." ಮತ್ತೆ ಕಾದೆವು. ಮೂರನೆಯ ಸಲ ಕಿಟಕಿಯ ಕಡೆ ತಿರುಗಿ ಕರೆದಳು. ಏನೂ ಆಗಲಿಲ್ಲ. ಇಡೀ ಆ ದಿನದಲ್ಲಿ ನನಗೆ ಖಚಿತವಾಗಿ ಗೊತ್ತಿರುವುದು ಇದೊಂದೇ: ಏನೂ ಆಗಲಿಲ್ಲ.

ಮಧ್ಯಾಹ್ನ ಹೆಡ್ ಮಾಸ್ತರರು ಬಂದು ಹೇಳಿದರು. ನಾಲ್ಕು ದಿನದಿಂದ ಎದೆನೋವಂತೆ, ಯಾರಿಗೂ ಹೇಳಿರಲಿಲ್ಲವಂತೆ. ಮುಂಜಾನೆ ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ, ನಮ್ಮೂರಿನ ಬಸ್ಸಿಗೆ ಕಾಯುತ್ತ ಕುಸಿದರಂತೆ. ಆಸ್ಪತ್ರೆ ಮುಟ್ಟುವ ಮೊದಲೇ... ಆಗಿನ್ನೂ ಒಂಬತ್ತಾಗಿರಲಿಲ್ಲವಂತೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಅಕ್ಕೋರು ನನ್ನನ್ನು ಎರಡು ಸಲ ಕರೆದರು ಅಂತ.

"ಎಷ್ಟೊತ್ತಿಗೆ?"

"ಹಾಜರಿ ಹೊತ್ತಿಗೆ."

ಅಪ್ಪ ಎಣ್ಣೆಯ ಕೈಯನ್ನು ಅರಿವೆಗೆ ಒರೆಸಿದ. ಒರೆಸುತ್ತಲೇ ಇದ್ದ.

ಮರುದಿನ ಮುಂಜಾನೆ ಒಂಬತ್ತೂವರೆಗೆ, ಕರೆಂಟಿದ್ದರೂ, ಎರಡೂ ಮಗ್ಗ ನಿಂತವು. ಕರೆಂಟಿರುವಾಗಿನ ಆ ನಿಶ್ಶಬ್ದ ನನಗೆ ಹೊಸದು, ಕಿವಿ ಗುಯ್ಗುಟ್ಟಿತು. ಬೀದಿಯಿಂದ ಅಪ್ಪನ ಧ್ವನಿ, ನನ್ನ ಹೆಸರು. ಒಂದೇ ಸಲ ಕರೆದ. ನಾನು 'ಓ' ಅಂದೆ. ಹೊರಗೆ ನನ್ನ ಪಾಟೀಚೀಲ ಹಿಡಿದು ನಿಂತಿದ್ದ. ಶಾಲೆಯ ಬಾಗಿಲತನಕ ಬಂದು, ನಾನು ಒಳಗೆ ಹೋಗಿ ನನ್ನ ಜಾಗದಲ್ಲಿ ಕೂತದ್ದನ್ನು ನೋಡಿ ತಿರುಗಿದ. ಏಳನೇ ತರಗತಿ ಮುಗಿಯುವವರೆಗೂ ದಿನಾ ಹಾಗೇ. ಬಿಡಿಸುವ ಮಾತು ಮತ್ತೆ ಬರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಕೇಳಬಹುದಾಗಿದ್ದ ವಯಸ್ಸು ನನಗೆ ಬರುವಷ್ಟರಲ್ಲಿ ಅಪ್ಪನೂ ಇರಲಿಲ್ಲ.

ಕಂಡಕಿ ಸಿಕ್ಕ ದಿನ ಅವ್ವನಿಗೆ ಫೋನ್ ಮಾಡಿ, ಅಂದು ಮುಂಜಾನೆಯ ಆ ಎರಡು ಕೂಗಿನ ಬಗ್ಗೆ ಕೇಳಿದೆ. "ಆ ದಿವ್ಸ ಕರೆಂಟ್ ಎಲ್ಲಿತ್ತಬೇ?" ಅಂದಳು. "ಮಗ್ಗ ಬಂದ್ ಇದ್ದೂವು. ನೀ ಆಯಿ ರಾಟಿ ಮುಂದ ಕುಂತು ತೂಕಡಿಸಾಕತ್ತಿದ್ದಿ. ಯಾರೂ ಕರೀಲಿಲ್ಲ." ಹಾಗಾದರೆ ನನ್ನ ಮಗ್ಗದ ಸದ್ದು ಎಲ್ಲಿಯದು? ಕನಸಿರಬಹುದು. ಸುದ್ದಿ ಕೇಳಿದ ಮೇಲೆ ನಾನೇ ಕಟ್ಟಿಕೊಂಡದ್ದಿರಬಹುದು. ಆದರೆ ಮರುದಿನ ಅಪ್ಪ ಮಗ್ಗ ನಿಲ್ಲಿಸಿದ್ದು ಅವ್ವನಿಗೂ ನೆನಪಿದೆ.

ಈ ಬೆಳಿಗ್ಗೆ ಅರ್ಧ ತಾಸು ಮೊದಲೇ ಎದ್ದೆ. ಚೀಲವನ್ನು ರಾತ್ರಿಯೇ ತುಂಬಿಟ್ಟಿದ್ದೆ. ಹೊಟ್ಟೆನೋವಿನ ವಿಷಯದಲ್ಲಿ ಟೀಚರಿಗೆ ನಿಜ ಹೇಳಬೇಕೆಂದೂ ನಿಶ್ಚಯಿಸಿದ್ದೆ. ಮಗಳು ಒಳಗೆ ಬೂಟು ಹುಡುಕುತ್ತಿದ್ದಳು. ನಾನು ಸ್ಕೂಟರ್ ಹೊರಗೆ ತಂದು, ಬೀದಿಯಲ್ಲಿ ನಿಂತು ಅವಳ ಹೆಸರು ಕರೆದೆ. ಒಂದು ಸಲ.

"ಓ! ಬಂದ್ನಿ ಬಂದ್ನಿ" ಎನ್ನುತ್ತ ಓಡಿಬಂದಳು, ಒಂದು ಬೂಟಿನ ಲಾಡಿ ಕಟ್ಟಿರಲಿಲ್ಲ. "ಮೂರ್ ಮೂರ್ ಸಲ ಯಾಕ ಒದರತಿ ಮಮ್ಮಿ? ಮೊದಲನೇ ಸಲಾನ ಕೇಳಿತ್ತು ನನಗ."

ನಾನು ಒಂದೇ ಸಲ ಕರೆದಿದ್ದೆ. ಹಾಗೆಂದೇ ನನ್ನ ನೆನಪು. ಬೀದಿಯ ಎರಡೂ ಬದಿ ನೋಡಿದೆ... ಬಗ್ಗಿ ಅವಳ ಲಾಡಿ ಕಟ್ಟಿದೆ. ಗಂಟೆ ಬಾರಿಸುವ ಮೊದಲೇ ಶಾಲೆ ಮುಟ್ಟಿದೆವು. ಅವಳು ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತದ್ದನ್ನು ಕಿಟಕಿಯಿಂದ ನೋಡಿ ನಿಂತೆ. ಹಾಜರಿ ಶುರುವಾಯಿತು. ಇಲ್ಲಿ ನಂಬರ್ ಕರೆಯುತ್ತಾರೆ. ಅವಳ ನಂಬರಿಗೆ ಅವಳು ಕೈ ಎತ್ತಿದಳು.

ಆ ದಿನ ಅಕ್ಕೋರಿಗೆ ನಾನು 'ಓ' ಅನ್ನಲಿಲ್ಲ. ಆ ಕೂಗು ಖರೆಯೋ ಸುಳ್ಳೋ, ಅನ್ನದೆ ಉಳಿದದ್ದು ಮಾತ್ರ ಖರೆ. ಕಿಟಕಿಯ ಹೊರಗೆ ನಿಂತು, ಯಾರಿಗೂ ಕೇಳದಷ್ಟು ಮೆಲ್ಲಗೆ, ಅಂದೆ: "ಹಾಜರ್ ರೀ ಅಕ್ಕೋರ."