ಉಚ್ಚಂಗೆಪ್ಪ ಊದಿದ ನೀಲಿ ಸೀಸೆ

ಜಗಳೂರಿನಿಂದ ಹೊನ್ನಾಳಿಗೆ ಓಡುತ್ತಿದ್ದ ಬಸ್ಸಿನ ಕಂಡಕ್ಟರ್ ಉಚ್ಚಂಗೆಪ್ಪನಿಗೆ ಎಂಟು ವರ್ಷದಿಂದ ಹೊಟ್ಟೆಯಲ್ಲಿ ಉರಿ. ಬಸ್ಸಿನ ತುಂಬ ಜನರನ್ನು ನಗಿಸುವ ಮನುಷ್ಯ, ಬಿಳಿಚೋಡು ದಾಟುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಕಂಬಿಗೆ ಒರಗುತ್ತಿದ್ದ. ಒಮ್ಮೆ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಲು ಬಂದಾಗ ಮಂಚದಿಂದ ಹಾರಿ, ಚಪ್ಪಲಿಯನ್ನೂ ಬಿಟ್ಟು ಓಡಿಬಂದಿದ್ದ. ಆಮೇಲೆ ಯಾರಾದರೂ ಕೊಳವೆಯ ಮಾತೆತ್ತಿದರೆ ಜೋರಾಗಿ ಸೀಟಿ ಊದಿಬಿಡುತ್ತಿದ್ದ.

ದಾವಣಗೆರೆಯಿಂದ ಹೊನ್ನಾಳಿಗೆ ದಿನವೂ ಅದೇ ಬಸ್ಸಿನಲ್ಲಿ ಬರುತ್ತಿದ್ದ ಡಾಕ್ಟರ್ ಷಣ್ಮುಖಪ್ಪ ೧೯೮೯ರಲ್ಲಿ ಒಂದು ಸುದ್ದಿ ತಂದರು.

"ಬೆಂಗಳೂರಾಗೆ ನನ್ನ ಗೆಳೆಯರೊಬ್ರು ಹೊಸ ಪರೀಕ್ಷೆ ಮಾಡ್ತಾ ಅದಾರೆ. ಕೊಳವೆ ಇಲ್ಲ, ಸೂಜಿ ಇಲ್ಲ. ನೀವು ಉಸಿರು ಊದಿದ್ರೆ ಸಾಕು, ಹೊಟ್ಟೆಯಾಗೆ ಈ ಉರಿ ತರೋ ಕ್ರಿಮಿ ಐತೋ ಇಲ್ವೋ ತಿಳಿಯುತ್ತೆ."

"ಊದೋದಾ? ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಾ ಇದೀನಲ್ರೀ ಸಾರ್!"

ಹೆಂಡತಿ ಉಡಚಮ್ಮನನ್ನು ಕರೆದುಕೊಂಡು ಬೆಂಗಳೂರಿಗೆ ಹೋದ. ಖಾಲಿ ಹೊಟ್ಟೆಗೆ ಒಂದು ಲೋಟ ನೀರಿನಂಥದ್ದು ಕುಡಿಸಿ, ಸ್ವಲ್ಪ ಹೊತ್ತು ಕೂರಿಸಿದರು. ಬಳಿಕ ನೀಲಿ ದ್ರವವಿದ್ದ ಪುಟ್ಟ ಸೀಸೆಯನ್ನೂ ಒಂದು ಸಣ್ಣ ನಳಿಕೆಯನ್ನೂ ಕೈಗೆ ಕೊಟ್ಟು, "ಹೀರಬೇಡಿ, ಬರೀ ಊದಿ" ಎಂದರು ಅಲ್ಲಿನ ಡಾಕ್ಟರು. ಉಚ್ಚಂಗೆಪ್ಪ ಊದಿದ. ಗುಳುಗುಳು ಗುಳ್ಳೆ ಎದ್ದು, ನೀಲಿ ಮೆಲ್ಲಗೆ ತಿಳಿಯಾಗಿ, ಕೊನೆಗೆ ಬಣ್ಣವೇ ಇಲ್ಲದಂತಾಯಿತು.

"ಹೋತು! ರೋಗ ಹೋತು!" ಎಂದು ಉಡಚಮ್ಮ ಚಪ್ಪಾಳೆ ತಟ್ಟಿದಳು.

ಡಾಕ್ಟರು ನಕ್ಕರು. "ಇಲ್ಲಮ್ಮ, ಬೇಕಾದಷ್ಟು ಉಸಿರು ಸೇರಿತು ಅಂತ ಅಷ್ಟೆ. ಹೊಟ್ಟೆಯಲ್ಲಿ ಆ ಕ್ರಿಮಿ ಇದ್ದರೆ, ಇವರು ಕುಡಿದದ್ದನ್ನು ಒಡೆದು ಉಸಿರಲ್ಲಿ ಗುರುತು ಬಿಟ್ಟಿರುತ್ತೆ. ಅದನ್ನ ಯಂತ್ರ ಹೇಳಬೇಕು."

ಯಂತ್ರ ಹೇಳಿತು: ಕ್ರಿಮಿ ಇದೆ. ಉಚ್ಚಂಗೆಪ್ಪನಿಗೆ ಹೇಳತೀರದ ಖುಷಿ. ಯೋಚನೆ ಜಾಸ್ತಿ, ಚಹಾ ಜಾಸ್ತಿ ಎಂದು ಎಂಟು ವರ್ಷ ಬೈಸಿಕೊಂಡವನಿಗೆ ಕಡೆಗೂ ಕಳ್ಳ ಸಿಕ್ಕಿದ್ದ. ಎರಡು ವಾರ ಮೂರು ಬಗೆಯ ಮಾತ್ರೆ ನುಂಗಿದ. ಮಾತ್ರೆಗೆ ನಾಲಿಗೆ ಕಪ್ಪಾಯಿತು. ಉಡಚಮ್ಮ ಹೆದರಿದರೆ, ಅವನು ಬಸ್ಸಿನ ಮಕ್ಕಳಿಗೆಲ್ಲ ಅದನ್ನು ಚಾಚಿ ತೋರಿಸಿ ಕಿರುಚಿಸಿದ. ಎರಡು ತಿಂಗಳು ಕಳೆದು ಮತ್ತೆ ಬೆಂಗಳೂರಿಗೆ ಹೋಗಿ ಊದಿದಾಗ ಕ್ರಿಮಿಯ ಸುಳಿವೇ ಇರಲಿಲ್ಲ.

ಒಂದು ದಿನ ಹೊನ್ನಾಳಿಯ ಹಾದಿಯಲ್ಲಿ, ನ್ಯಾಮತಿಯ ಮಗಳ ಮನೆಗೆ ಹೊರಟಿದ್ದ ಚೌಡಕ್ಕ ಎಂಬ ಮುದುಕಿ ಹೊಟ್ಟೆ ಒತ್ತಿಕೊಂಡು ಕೂತಿದ್ದಳು. ಕೊಳವೆ ನುಂಗು ಅಂತಾರೆ, ಸತ್ತರೂ ನುಂಗಲ್ಲ ಎಂದಳು.

"ಊದಾಕೆ ಬರುತ್ತಾ ಅಜ್ಜಿ?" ಎಂದು ಉಚ್ಚಂಗೆಪ್ಪ ಕೇಳಿದ.

"ಐವತ್ತು ವರ್ಷ ಒಲೆ ಊದೀನಿ ಕಣಪ್ಪಾ!"

ಬಸ್ಸೆಲ್ಲ ಗೊಳ್ಳೆಂದಿತು. ಅವನು ಅಜ್ಜಿಯ ಕೈ ಹಿಡಿದು, ಮುಂದಿನ ಸೀಟಿನ ಷಣ್ಮುಖಪ್ಪನವರ ಪಕ್ಕ ಕೂರಿಸಿದ.