ಮಕರ ಬಂದಳು

ಕಾರ್ಟೂನ್ ಚಿತ್ರ ನೋಡುತ್ತ ನಾನು ಎರಡು ಸಲ ಕನ್ನಡಕ ತೆಗೆದೆ. ಒಮ್ಮೆ ಕಣ್ಣೊರೆಸಿಕೊಳ್ಳಲು, ಇನ್ನೊಮ್ಮೆ ಡಬ್ಬಿಂಗಿನ ವಿಭಕ್ತಿದೋಷ ತಾಳಲಾರದೆ. ಕನ್ನಡ ಕಲಿಸುತ್ತಿದ್ದ ಶಾಲೆಯನ್ನು ನಾನು ಬಿಟ್ಟಿದ್ದೇನೆ, ವ್ಯಾಕರಣ ನನ್ನನ್ನು ಬಿಟ್ಟಿಲ್ಲ.

ಚಿತ್ರ ನೋಡಿದ್ದು ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ, ತಂಗಿಯ ಮನೆಯಲ್ಲಿ. ಸೊಂಡಿಲೂ ಮೀನಿನ ಬಾಲವೂ ಇರುವ ಮಕರಗಳ ಕುಲದಲ್ಲಿ ಒಂದೇ ಒಂದು ಉಳಿದಿದೆ. ಬೇಟೆಗಾರರು ಬಲೆ ಹಿಡಿದು ಬರುತ್ತಾರೆ. ಹುಡುಗಿಯೊಬ್ಬಳು ಅದನ್ನು ಗುಹೆಯಲ್ಲಿ ಬಚ್ಚಿಡುತ್ತಾಳೆ. ಗುಡಿಯ ತೋರಣಗಳಲ್ಲಿ ಶತಮಾನಗಳಿಂದ ಸುಮ್ಮನೆ ಬಾಯ್ದೆರೆದು ಕುಳಿತ ಪ್ರಾಣಿ ಇಲ್ಲಿ ಮಾತನಾಡುತ್ತದೆ, ಮುನಿಯುತ್ತದೆ, ಅಗತ್ಯ ಬಿದ್ದರೆ ಸುಳ್ಳನ್ನೂ ಹೇಳುತ್ತದೆ.

ಕೆಲವು ದಿನಗಳ ಬಳಿಕ ಅಂಕೋಲೆಯ ಶಾಲೆಯೊಂದರ ಕಥೆ ಹೇಳುವ ಸ್ಪರ್ಧೆಗೆ ತೀರ್ಪುಗಾರಳಾಗಿ ಹೋದೆ. ಗೆದ್ದವರಿಗೆ ಕಾರವಾರದ ಜಿಲ್ಲಾ ವೇದಿಕೆ. ಮೀನು ಮಾರುವ ಅಜ್ಜಿಯೊಂದಿಗೆ ಬಂದಿದ್ದ ಸಂಜನಾ ಅದೇ ಮಕರದ ಕಥೆ ಎತ್ತಿಕೊಂಡಳು. "ಬಲೆ ಬಿತ್ತು. ಮಕರ ಹೆದರಲಿಲ್ಲ. ಅವಳು ಸೊಂಡಿಲೆತ್ತಿ ಹೊರಗೆ ಬಂದಳು" ಎಂದಾಗ ಹಿಂದಿನ ಸಾಲಿನ ಮಕ್ಕಳು ಎದ್ದು ನಿಂತರು. ಉಳಿದವರಲ್ಲಿ ಅವಳ ಸಮಕ್ಕೆ ಯಾರೂ ಬರಲಿಲ್ಲ.

ಜೊತೆಯ ತೀರ್ಪುಗಾರ ಮಾಸ್ತರು ಮಾತ್ರ ಅಡ್ಡಡ್ಡ ತಲೆಯಾಡಿಸಿದರು. "ಹುಡ್ಗಿ ಚಲೋ ಹೇಳ್ತದೆ ಅಕ್ಕೋರೆ. ಆದ್ರೆ 'ಮಕರ ಬಂದಳು' ಅಂದ್ರೆ ಎಂತದು? ಅದಕ್ಕೆ ಲಿಂಗವೇ ಗೊತ್ತಿಲ್ಲ. ಕಾರವಾರಕ್ಕೆ ಕಳಿಸಿದ್ರೆ ನಮ್ಮ ಮರ್ಯಾದೆ ಹೋಗ್ತದೆ."

"ಯಾವುದಕ್ಕೆ ಗೊತ್ತಿಲ್ಲ?"

"ಅದಕ್ಕೇ, ಆ ಹುಡ್ಗಿಗೆ!"

ಮನೆಯಲ್ಲಿ ಕೊಂಕಣಿಯಾಡುವ ನಮ್ಮ ಕರಾವಳಿಯಲ್ಲಿ ಎಳೆಯ ಹುಡುಗಿ ನಪುಂಸಕಲಿಂಗ. ಆ ರೂಢಿ ಕನ್ನಡಕ್ಕೂ ದಾಟಿ ಮಗಳು 'ಬಂತು', ತಂಗಿ 'ಹೋಯ್ತು' ಎಂದಾಗಿದೆ. ಮಾಸ್ತರ ನಾಲಿಗೆಗೂ ಅದೇ ಗಾಳಿ.

"ಎದುರಿಗಿರೋ ಹುಡ್ಗಿ 'ಅದು' ಆದ್ರೆ ಮರ್ಯಾದೆ ಹೋಗೂದಿಲ್ಲ, ಮಕರ 'ಅವಳು' ಆದ್ರೆ ಹೋಗ್ತದೆಯೋ?"

"ನಾವು ಪ್ರೀತಿಯಿಂದ ಹೇಳೂದು, ಅಕ್ಕೋರೆ."

"ಅವಳೂ ಪ್ರೀತಿಯಿಂದ್ಲೇ ಹೇಳಿದ್ದು."

"ಪ್ರೀತಿಗೆ ಅಂಕ ಇಲ್ಲ!"

ವ್ಯಾಕರಣಕ್ಕೆ ಉಂಟಲ್ಲ! ನಾನು ಕುರ್ಚಿ ಮುಂದಕ್ಕೆಳೆದುಕೊಂಡೆ. ಸಂಸ್ಕೃತದಲ್ಲಿ ಹೆಂಡತಿಯನ್ನು ಹೇಳುವ 'ದಾರಾಃ' ಪುಲ್ಲಿಂಗ, 'ಕಳತ್ರ' ನಪುಂಸಕ. ಹೆಂಡತಿ ಎದುರು ನಿಂತಿದ್ದರೂ ಶಬ್ದ ತನ್ನ ಲಿಂಗ ಬದಲಿಸುವುದಿಲ್ಲ. ಕನ್ನಡ ಹಾಗಲ್ಲ. ಇಲ್ಲಿ ಲಿಂಗವು ಶಬ್ದದ ಬಾಲದಲ್ಲಿಲ್ಲ, ಮನಸ್ಸಿಗೆ ಹೊಳೆಯುವ ಅರ್ಥದಲ್ಲಿದೆ. ಬೇಟೆಗಾರರ ಕಣ್ಣಿಗೆ ಮಕರ 'ಅದು'. ಆದ್ದರಿಂದಲೇ ಬಲೆ ಬೀಸಲು ಅವರು ಹಿಂಜರಿಯುವುದಿಲ್ಲ. ಬಚ್ಚಿಟ್ಟವಳಿಗೆ 'ಅವಳು'. ಇಡೀ ಚಿತ್ರ ಹೇಳಿದ್ದನ್ನು ಸಂಜನಾ ಒಂದು ಸರ್ವನಾಮದಲ್ಲಿ ಹೇಳಿದ್ದಾಳೆ. ನಾನು ಕೊಟ್ಟ ಅಂಕವನ್ನು ತಿದ್ದುವುದಿಲ್ಲ. ಬೇಕಾದರೆ ನನ್ನನ್ನೇ ಬದಲಿಸಿ ಎಂದೆ.

ಮಾಸ್ತರು ಪೆನ್ನು ಮುಚ್ಚಿದರು. "ನಿಮ್ಮ ಹತ್ರ ಮಾತಾಡೂದಕ್ಕಿಂತ ಆ ಮಕರದ ಬಾಯಲ್ಲಿ ಕೈ ಹಾಕೂದು ಚಲೋ. ಹೋಗ್ಲಿ, ಕಾರವಾರಕ್ಕೆ ಅದೇ ಹೋಗ್ಲಿ."

ಹೆಸರು ಕೂಗಿದೊಡನೆ ಅಜ್ಜಿ ಓಡಿ ಬಂದು, ಮೀನಿನ ವಾಸನೆಯ ಕೈಗಳಲ್ಲಿ ನನ್ನ ಕೈ ಹಿಡಿದಳು. "ನಮ್ದು ಗೆದ್ದಿತಲ್ರಾ, ಅಕ್ಕೋರೆ!"

ಗೆದ್ದಿತು! ಅಭ್ಯಾಸಬಲದಿಂದ ನನ್ನ ತೋರುಬೆರಳು ಮೇಲೆದ್ದಿತು. ಅಜ್ಜಿಯ ಮುಖ ನೋಡಿದೆ. ಅರ್ಥ ಅಲ್ಲಿ ಢಾಳಾಗಿ ಹೊಳೆಯುತ್ತಿತ್ತು.

"ಹೌದು, ಗೆದ್ದಿತು" ಎಂದೆ.

ಈ ಕ್ರಿಯಾಪದವನ್ನು ತಿದ್ದಲು ಯಾರಾದರೂ ಕೆಂಪು ಪೆನ್ನು ಹಿಡಿದು ಬರಲಿ. ಅದನ್ನು ಬಚ್ಚಿಟ್ಟ ಗುಹೆಯ ಬಾಗಿಲಲ್ಲಿ ನಾನಿದ್ದೇನೆ.